ಅತ್ತಿಗೆಯ ಬದಲು ಅಣ್ಣ ನಂಬಿದಾಗ

ಕಳೆದ ಭಾನುವಾರ ನನ್ನ ಅಣ್ಣ ಒಂದು ಪ್ರಶ್ನೆಗೆ ಪಟ್ ಅಂತ ಉತ್ತರ ಕೊಟ್ಟ. ತೊಂದರೆ ಇಷ್ಟೇ, ಪ್ರಶ್ನೆ ಕೇಳಿದ್ದು ಅವನನ್ನಲ್ಲ.

ಅಣ್ಣನದು ತಮಿಳುನಾಡಿನ ತೇವಾರಂ ಊರಲ್ಲಿ ದ್ರಾಕ್ಷಿ ತೋಟ. ಹಣೆ ತುಂಬ ವಿಭೂತಿ ಬಳಿಯುವ ಮನುಷ್ಯ. ಅತ್ತಿಗೆ ರಾಜಮ್ಮ ಮಾತ್ರ ಆರು ವರ್ಷದಿಂದ ಊರಂಚಿನ ಕ್ರೈಸ್ತರ ಪ್ರಾರ್ಥನಾ ಮನೆಗೆ ಹೋಗುತ್ತಾಳೆ. ಈ ಸಲ ನೀರಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆಯುತ್ತೇನೆ ಎಂದಳು. ಮನೆಯಲ್ಲಿ ರಂಪವಾಗುತ್ತದೆ ಎಂದು ಹೆದರಿ ನಾನು ದಿಂಡಿಗಲ್‌ನಿಂದ ಬಸ್ಸು ಹಿಡಿದು ಓಡಿದರೆ, ಅಣ್ಣ ಲುಂಗಿ ಎತ್ತಿ ಕಟ್ಟಿ ತನ್ನ ಪಂಪ್‌ಸೆಟ್ ತೊಟ್ಟಿಯ ಪಾಚಿ ಉಜ್ಜುತ್ತಿದ್ದ. ಅವಳು ಜಾರಿ ಬಿದ್ದರೆ ಯಾರು ನೋಡಿಕೊಳ್ಳುವುದು ಎಂದು ನನ್ನನ್ನೇ ಗದರಿದ. (ಜಗಳ ಬಿಡಿಸಲು ಬಂದವಳಿಗೆ ಸ್ವಲ್ಪ ನಿರಾಸೆಯೇ ಆಯಿತು.)

ಸ್ನಾನದ ಹಿಂದಿನ ಸಂಜೆ ಪಾಸ್ಟರ್ ಅಣ್ಣನ ಜಗಲಿಯಲ್ಲಿ ಕೂತು ಎಲ್ಲ ವಿವರಿಸಿದರು. ತಮ್ಮಲ್ಲಿ ಹಸುಗೂಸಿಗೆ ಈ ಸ್ನಾನವಿಲ್ಲ. ನಂಬಿದವರು ತಾವೇ ಬಾಯಿಬಿಟ್ಟು ಹೇಳಬೇಕು. ಮುಳುಗುವುದೆಂದರೆ ಹಳೆಯ ಬದುಕನ್ನು ಯೇಸುವಿನೊಂದಿಗೆ ಹೂಳುವುದು, ಏಳುವುದೆಂದರೆ ಹೊಸ ಬದುಕಿಗೆ ಎದ್ದು ಬರುವುದು. ನೀರು ನಂಬಿಕೆ ಹುಟ್ಟಿಸುವುದಿಲ್ಲ, ಒಳಗಿರುವುದನ್ನು ನಾಲ್ಕು ಜನರೆದುರು ತೋರಿಸುತ್ತದೆ, ಅಷ್ಟೇ. ಅಣ್ಣ ಎಲ್ಲಕ್ಕೂ ತಲೆಯಾಡಿಸಿದ. ತಲೆಗೆ ಹೋಗಿತ್ತೇ?

ಭಾನುವಾರ ಬೆಳಿಗ್ಗೆ ಅತ್ತಿಗೆ ಅದೇ ತೊಟ್ಟಿಯ ಸೊಂಟಮಟ್ಟ ನೀರಲ್ಲಿ ನಿಂತಿದ್ದಳು. ಯೇಸುವನ್ನು ನಿನ್ನ ರಕ್ಷಕನೆಂದು ನಂಬುತ್ತೀಯಾ ಎಂದು ಪಾಸ್ಟರ್ ಕೇಳಿದರು. ಟವೆಲ್ ಹಿಡಿದು ಹೊರಗೆ ನಿಂತಿದ್ದ ಅಣ್ಣ, “ಆಮಾ ಅಯ್ಯಾ, ನಂಬ್ತಾಳೆ” ಎಂದ.

ಅವನನ್ನು ಬೈದು ಏನು ಪ್ರಯೋಜನ? ಮೂವತ್ತು ವರ್ಷದ ಅಭ್ಯಾಸ. ಡಾಕ್ಟರ್ ಎಲ್ಲಿ ನೋವು ಎಂದು ಅವಳನ್ನು ಕೇಳಿದರೆ ಮಂಡಿ ಎನ್ನುವವನು ಇವನು. ಸೀರೆ ಅಂಗಡಿಯಲ್ಲಿ ಅವಳಿಗೆ ಯಾವ ಬಣ್ಣ ಇಷ್ಟವೆಂದು ಹೇಳುವವನೂ ಇವನೇ. (ಪ್ರತಿ ಸಲ ಹಸಿರು. ಅವಳಿಗೆ ಹಸಿರು ಕಂಡರಾಗದು.)

ಪಾಸ್ಟರ್ ಎತ್ತಿದ ಕೈ ಇಳಿಸಿದರು. ಇದೊಂದನ್ನು ಬೇರೆಯವರು ಹೇಳುವಂತಿಲ್ಲ, ರಾಜಮ್ಮನೇ ಹೇಳದೆ ನಾನು ಮುಳುಗಿಸುವುದಿಲ್ಲ ಎಂದು ಮೆತ್ತಗೆ ಹೇಳಿ, ಮತ್ತೆ ಕೇಳಿದರು. ಅತ್ತಿಗೆ ಎಂದಿನಂತೆ ಅಣ್ಣನ ಮುಖ ನೋಡಿದಳು. ಆರು ವರ್ಷದ ಆಸೆ, ಒಂದು ಮಾತು ಹೊರಡದೆ ಕೈತಪ್ಪಿ ಹೋಗುತ್ತದಾ? ಅಣ್ಣ ಮತ್ತೆ ಬಾಯಿ ತೆರೆಯುವುದರಲ್ಲಿದ್ದ.

“ನೀವು ಸುಮ್ಕಿರಿ. ನಂಬಿರೋದು ನಾನು, ನಾನೇ ಹೇಳ್ತೀನಿ” ಎಂದಳು. ಆಮೇಲೆ ಪಾಸ್ಟರ್ ಕಡೆ ತಿರುಗಿ, “ನಂಬ್ತೀನಿ ಅಯ್ಯಾ.”

ಮುಳುಗಿ ಎದ್ದಳು. ನಾನು ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಅಣ್ಣ ಟವೆಲ್ ಹೊದಿಸಿದ.

ಅಣ್ಣ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಬಂದಾಗ, ನಿನ್ನ ಕೆಲಸ ಹೋಯಿತಲ್ಲಣ್ಣಾ ಎಂದು ಕೆಣಕಿದೆ. ಅವನು ನಗಲಿಲ್ಲ.

“ಅವಳನ್ನ ನಂಬ್ತೀಯಾ ಅಂತ ಕೇಳಕ್ಕೆ ಒಬ್ರಾದ್ರೂ ಇದ್ರು. ನನ್ನ ನಿನ್ನ ಯಾರು ಕೇಳಿದ್ರು?”

ಹೌದಲ್ಲ. ಅವ್ವ ಕೈಮುಗಿ ಅಂದಳು, ಮುಗಿದೆ. ಇಂದಿಗೂ ಮುಗಿಯುತ್ತಿದ್ದೇನೆ. ಅದು ನನ್ನ ನಂಬಿಕೆಯೋ ಅವ್ವನದೋ, ಯೋಚಿಸಿದವಳೇ ಅಲ್ಲ.

ನಿಮ್ಮನ್ನೇ ನೀರಲ್ಲಿ ನಿಲ್ಲಿಸಿ ಕೇಳಿದರೆ, ನೀವು ಯಾರ ಮುಖ ನೋಡುತ್ತೀರಿ?