ತಾಯಿ ಸತ್ತ ಕುದುರೆ ಮರಿಗೆ ಸ್ವಾಮಿ ಕಳಿಸಿದ ಹಾಲು

ಮುನೇಶ್ವರಸ್ವಾಮಿಯನ್ನು ನಂಬಿ ನಡೆಯುವ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ನಮಸ್ಕಾರ. ಕಳೆದ ಸಂಕ್ರಾಂತಿಯಾಗಿ ಎರಡನೆಯ ಮಂಗಳವಾರ ಬೆಳಗ್ಗೆ ನಮ್ಮ ಮನೆಯ ಕುದುರೆ ತಾರಾ ಸತ್ತುಹೋದಳು. ಅವಳ ಮರಿಗೆ ಆಗ ಮೂರು ದಿನ. ಅಮ್ಮ ಮಲಗಿದ್ದಾಳೆ, ಎಬ್ಬಿಸಿದರೆ ಏಳುತ್ತಾಳೆ ಎಂದುಕೊಂಡು ಅದು ತನ್ನ ಮೂತಿಯಿಂದ ಅವಳ ಹೊಟ್ಟೆಯನ್ನು ತಿವಿಯುತ್ತಲೇ ಇತ್ತು. ಆ ಮರಿ ಉಳಿದ ಕಥೆಯನ್ನು ನನ್ನ ಕೈಲಾದಷ್ಟು ಸರಿಯಾಗಿ ಬರೆಯುತ್ತೇನೆ.

ನಮ್ಮ ಊರು ಆವತಿಯಿಂದ ಒಳಗೆ, ಬಸ್ಸಿಳಿದು ಅರ್ಧ ಗಂಟೆ ನಡೆಯಬೇಕು. ನಮ್ಮ ಯಜಮಾನರು ಕುದುರೆ ಸವಾರಿ ಕಲಿಸುವ ಒಂದು ಶಾಲೆಯಲ್ಲಿ ಕುದುರೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಆ ಶಾಲೆ ಮುಚ್ಚಿದಾಗ, ಹಿಂದಿನ ಕಾಲು ಸ್ವಲ್ಪ ಎಳೆಯುತ್ತಿದ್ದ ತಾರಾಳನ್ನು ಯಾರೂ ಕೊಳ್ಳಲಿಲ್ಲ. ಇವರು ಮನೆಗೆ ಕರೆತಂದರು. ನಾನು ದೊಡ್ಡಬಳ್ಳಾಪುರದ ಕಾನ್ವೆಂಟಿನಲ್ಲಿ ಓದಿದವಳು, ಮದುವೆಯಾಗುವವರೆಗೆ ಹಸುವಿನ ಬಾಲವನ್ನೂ ಮುಟ್ಟಿರಲಿಲ್ಲ. ಆದರೂ ತಾರಾ ನನ್ನ ಪಾಲಿಗೇ ಬಂದಳು. ಬೆಳಗ್ಗೆ ಅವಳ ಗೊರಸಿನ ಸಂದಿಯಲ್ಲಿ ಸಿಕ್ಕ ಕಲ್ಲು ತೆಗೆಯುವುದು, ಹುರುಳಿ ಬೇಯಿಸಿ ಆರಿಸಿಡುವುದು, ಮೈ ಉಜ್ಜುವುದು ಎಲ್ಲ ಕಲಿತೆ. ಉಜ್ಜುವಾಗ ಅವಳು ಕೆಳತುಟಿಯನ್ನು ಸಡಿಲ ಬಿಟ್ಟು ಕಣ್ಣು ಅರ್ಧ ಮುಚ್ಚುತ್ತಿದ್ದಳು. ಬಂದು ನಾಲ್ಕೈದು ತಿಂಗಳಾದ ಮೇಲೆ ಗರ್ಭ ನಿಂತಿರುವುದು ಗೊತ್ತಾಯಿತು. ಕುದುರೆಗೆ ಹನ್ನೊಂದು ತಿಂಗಳಂತೆ.

ಮರಿ ಹಾಕಿದ್ದು ಶನಿವಾರ. ಯಜಮಾನರು ಈಗ ನೆಲಮಂಗಲದ ಆಚೆ ಒಂದು ಫಾರಂನಲ್ಲಿದ್ದಾರೆ, ಅವತ್ತು ಮನೆಯಲ್ಲಿರಲಿಲ್ಲ. ನಾನು, ನಮ್ಮ ಅತ್ತೆ ಇಬ್ಬರೇ. ಹೆರಿಗೆ ಸಲೀಸಾಗಿ ಆಯಿತು. ಮರಿಯ ಗೊರಸಿನ ತುದಿಯಲ್ಲಿ ಅಣಬೆಯ ಒಳಮೈಯಂತೆ ಮೆತ್ತನೆಯ ಎಳೆಗಳಿದ್ದವು. ತಾಯಿಯ ಹೊಟ್ಟೆ ಗೀರದಿರಲೆಂದು ದೇವರೇ ಹೊದಿಸಿ ಕಳಿಸುತ್ತಾನೆ. ಮರಿ ಎದ್ದು ನಿಂತಿತು, ಹಾಲನ್ನೂ ಕುಡಿಯಿತು. ಆದರೆ ತಾರಾಳ ಮಾಸು ಪೂರ್ತಿ ಬೀಳಲಿಲ್ಲ. ಒಂದು ತುಂಡು ಜೋತಾಡುತ್ತಿತ್ತು.

"ಫೋನ್ ಮಾಡ್ಲಾ ಅತ್ತೆ, ಡಾಕ್ಟರಿಗೆ?" ಎಂದೆ.

"ಯಾತಕ್ಕೆ? ನಾನು ಎಷ್ಟು ಹಸು ಈಯಿಸಿಲ್ಲ! ಬಿದಿರಿನ ಎಲೆ ತಿನ್ಸು, ನಾಳೆ ಹೊತ್ತಿಗೆ ತಾನೇ ಬೀಳ್ತದೆ," ಎಂದರು ಅತ್ತೆ.

ಹಸುವಿಗೆ ನಮ್ಮ ಕಡೆ ಹಾಗೆಯೇ ಮಾಡುವುದು. ನಾನೇ ಕತ್ತಿ ಹಿಡಿದು ಹೋಗಿ ಬಿದಿರೆಲೆ ತಂದೆ, ಬೆಲ್ಲ ಸವರಿ ತಿನ್ನಿಸಿದೆ, ಕಾದೆ. ಭಾನುವಾರ ಸಂಜೆ ಯಜಮಾನರು ಬಂದು ನೋಡಿದವರೇ ದೇವನಹಳ್ಳಿಯ ಪಶುವೈದ್ಯೆಗೆ ಫೋನ್ ಮಾಡಿದರು. ಸೋಮವಾರ ಬೆಳಗ್ಗೆಯೇ ಅವರು ಬಂದರು, ಉಳಿದಿದ್ದ ಮಾಸು ತೆಗೆದರು, ಸೂಜಿ ಚುಚ್ಚಿದರು. ಕೈತೊಳೆಯುತ್ತಾ ಮೆಲ್ಲಗೆ ಹೇಳಿದರು: "ಹಸುಗಾದ್ರೆ ಒಂದು ದಿನ ಕಾಯಬಹುದು ಕಣಮ್ಮ. ಕುದುರೆಗೆ ಮೂರು ಗಂಟೆ ದಾಟಿದ್ರೆ ನನ್ನ ಕರೀಬೇಕಿತ್ತು." ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಮಂಗಳವಾರ ಅವಳು ಹೋದಳು. ಅತ್ತೆ ಆ ದಿನ ಊಟ ಮಾಡಲಿಲ್ಲ. ಅವರನ್ನು ದೂರಲು ನನಗೆ ಬಾಯಿಲ್ಲ, ಫೋನು ನನ್ನ ಕೈಯಲ್ಲೇ ಇತ್ತು.

ಅಂದು ಮಣ್ಣು ಮುಚ್ಚಿ ಬಂದ ಮೇಲೆ ಮನಸ್ಸಿನಲ್ಲಿ ಒಂದೇ ಮಾತು ಇಟ್ಟುಕೊಂಡೆ. ಈ ಮರಿಯನ್ನು ಬಿಡುವುದಿಲ್ಲ.

ಮನೆಯ ಹಸುವಿನ ಹಾಲನ್ನು ಬೆಚ್ಚಗೆ ಮಾಡಿ, ಕೂಸಿಗೆ ಹಾಕುವ ಹಾಗೆ ಎರಡು ಚಮಚ ಸಕ್ಕರೆ ಹಾಕಿ, ಬಾಟಲಿಗೆ ರಬ್ಬರ್ ನಿಪ್ಪಲ್ ಸಿಕ್ಕಿಸಿ ಕುಡಿಸಿದೆ. ಮರಿ ಗಟಗಟನೆ ಕುಡಿಯಿತು. ನನಗೆ ಹಿಗ್ಗೋ ಹಿಗ್ಗು. ಬುಧವಾರ ಬೆಳಗ್ಗೆ ನೋಡಿದರೆ ಹಿಂಗಾಲೆಲ್ಲ ಹಳದಿ ನೀರು. ಭೇದಿ ಹತ್ತಿತ್ತು. ಲದ್ದಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು, ಎರಡು ಕವರ್ ಸುತ್ತಿ, ದೇವನಹಳ್ಳಿ ಬಸ್ಸು ಹತ್ತಿದೆ. ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದು ಕಂಡು ಕಂಡಕ್ಟರು, "ಏನಮ್ಮಾ, ಪೇಷೆಂಟಿಗೆ ಊಟಾನಾ?" ಎಂದರು.

"ಇಲ್ಲಪ್ಪ, ಪೇಷೆಂಟಿನದು," ಎಂದೆ. ಅವರಿಗೆ ಅರ್ಥವಾದಂತೆ ಕಾಣಲಿಲ್ಲ. ಪಕ್ಕದಲ್ಲಿದ್ದ ಹೆಂಗಸಿಗೆ ಆಯಿತು, ಎದ್ದು ಬೇರೆ ಸೀಟಿಗೆ ಹೋದರು.

ಪಶು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಡಬ್ಬಿ ನೋಡಿ ಕೇಳಿದರು: "ಸಕ್ಕರೆ ಹಾಕಿದ್ರಾ?"

"ಹೂಂ ಮೇಡಂ."

"ಕುದುರೆ ಮರಿಗೆ ಸಕ್ಕರೆ ಅರಗಲ್ಲಮ್ಮ. ಹಾಲಿಗೆ ನೀರು ಬೆರ್ಸಿ, ಗ್ಲೂಕೋಸ್ ಪುಡಿ ಹಾಕಿ. ಗಂಟೆಗೊಂದ್ಸಲ, ಸ್ವಲ್ಪ ಸ್ವಲ್ಪ. ತಾಯಿ ಹಾಲು ಮೂರು ದಿನ ಕುಡಿದಿದೆಯಲ್ಲ, ಅದೊಂದು ಪುಣ್ಯ."

ಗುರುವಾರ ಅವರೇ ಬಂದು ಮರಿಯ ಕುತ್ತಿಗೆಗೆ ಡ್ರಿಪ್ ಹಾಕಿದರು. ಬಾಟಲಿಯನ್ನು ಹಿತ್ತಲಿನ ಬಟ್ಟೆ ತಂತಿಗೆ ನೇತುಹಾಕಿ ನಾನು ಕೊನೆಯ ಹನಿಯವರೆಗೂ ಪಕ್ಕದಲ್ಲಿ ಕೂತೆ. ಭೇದಿ ಕಡಿಮೆಯಾಯಿತು. ಆದರೆ ಶುಕ್ರವಾರ ಮರಿ ಬಾಟಲಿ ಕಂಡರೆ ಮುಖ ತಿರುಗಿಸತೊಡಗಿತು. ನಿಪ್ಪಲನ್ನು ಬಾಯಿಗಿಟ್ಟರೆ ನಾಲಗೆ ಆಡಿಸುತ್ತಿರಲಿಲ್ಲ, ಹಾಲು ತುಟಿಯಂಚಿನಿಂದ ಇಳಿದುಹೋಗುತ್ತಿತ್ತು. ರೆಪ್ಪೆಗೂದಲಿನ ಮೇಲೆ ನೊಣ ಕೂತರೂ ಮಿಟುಕಿಸುತ್ತಿರಲಿಲ್ಲ.

ಸಂಜೆ ಯಜಮಾನರು ಅದರ ಕಿವಿ ಮುಟ್ಟಿ ನೋಡಿದರು. ತಣ್ಣಗಿತ್ತು. "ಶೈಲಾ, ಮನಸ್ಸು ಗಟ್ಟಿ ಮಾಡ್ಕೋ. ಕುಡಿಯೋ ಆಸೇನೇ ಬಿಟ್ಬಿಟ್ಟಿದೆ ಇದು," ಎಂದರು.

"ಮನಸ್ಸು ಗಟ್ಟಿಯಾಗೇ ಇದೆ. ನೀವು ಬಿಸಿನೀರು ತನ್ನಿ," ಎಂದೆ.

ಶನಿವಾರ ಬೆಳಗ್ಗೆ ಯಜಮಾನರು ಫಾರಂಗೆ ಹೊರಟ ಮೇಲೆ ಹತ್ತಿಯಲ್ಲಿ ಅದ್ದಿ ನಾಲಗೆಗೆ ಹಿಂಡಿದ ಹಾಲೂ ಹೊರಗೆ ಬಂತು. ಮರಿಯ ತಲೆಯನ್ನು ಅತ್ತೆಯ ತೊಡೆಗೆ ಕೊಟ್ಟು ಮುನೇಶ್ವರನ ಕಟ್ಟೆಗೆ ನಡೆದೆ. ನಮ್ಮ ಹಿತ್ತಲಿನಿಂದ ಐವತ್ತು ಹೆಜ್ಜೆ. ಬೇವಿನ ಮರದ ಬುಡದಲ್ಲಿ ಮೊಣಕಾಲೆತ್ತರದ ಕಲ್ಲುಕಟ್ಟೆ, ಮೇಲೆ ಒಂದು ತ್ರಿಶೂಲ, ಅದರ ಹಿಂದೆ ಹರಕೆಯ ಮಣ್ಣಿನ ಕುದುರೆಗಳ ಸಾಲು. ಸತ್ಯ ಹೇಳಬೇಕು, ಅಲ್ಲಿಯವರೆಗೆ ನಾನು ಮನೆಯವರ ಜೊತೆ ಹೋಗಿ ಕೈಮುಗಿದು ಬರುತ್ತಿದ್ದೆನೇ ಹೊರತು ನನ್ನದಾಗಿ ಏನೂ ಕೇಳಿರಲಿಲ್ಲ. ಹೇಗೆ ಕೇಳಬೇಕೆಂದೂ ತಿಳಿಯದೆ, ಶಾಲೆಯಲ್ಲಿ ಸಿಸ್ಟರು ಕಲಿಸಿದಂತೆ ಮಂಡಿಯೂರಿ ಕಣ್ಣು ಮುಚ್ಚಿದೆ. "ಅಪ್ಪಾ, ಊರು ಕಾಯೋಕೆ ನೀನು ಕುದುರೆ ಏರಿ ಹೋಗ್ತೀಯ ಅಂತಾರೆ. ಕುದುರೆ ಮರಿಯ ಸಂಕಟ ನಿನಗೆ ಹೇಳಿಕೊಡಬೇಕಾ? ಅದು ಕುಡಿಯುವಂಥ ಹಾಲು ಕಳಿಸು. ಎಲ್ಲಿಂದಾದರೂ ಕಳಿಸು." ಇಷ್ಟೇ. ಏಳುವಾಗ ಸೀರೆಗೆ ಬೇವಿನ ಒಣಗಿದ ಎಲೆ ಅಂಟಿತ್ತು.

ಮನೆಗೆ ಬಂದು ಒಲೆಗೆ ಸೌದೆ ಒಟ್ಟುತ್ತಿದ್ದಾಗ ಬೀದಿಯಲ್ಲಿ ಕೂಗು ಕೇಳಿತು: "ಕತ್ತೆ ಹಾಲಮ್ಮೋ, ಕತ್ತೆ ಹಾಲು! ಕೂಸಿಗೆ ಕೆಮ್ಮು, ಶೀತ, ಕತ್ತೆ ಹಾಲು!"

ಹಸುಗೂಸುಗಳಿಗೆ ಒಂದು ಒಳಲೆ ಕತ್ತೆ ಹಾಲು ಕುಡಿಸುವುದನ್ನು ನೀವೆಲ್ಲ ನೋಡಿರುತ್ತೀರಿ. ಆದರೆ ಹಾಲು ಮಾರುವವರು ದೊಡ್ಡ ರಸ್ತೆ ಹಿಡಿದು ಹೋಗುತ್ತಾರೆ, ನಮ್ಮ ಊರೊಳಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಪೈಪು ಹಾಕಲು ರಸ್ತೆ ಅಗೆದಿದ್ದರಿಂದ ಅವರು ಅವತ್ತು ಒಳದಾರಿ ಹಿಡಿದಿದ್ದರಂತೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಅಗೆದವರಿಗೆ ಅವರ ಕೆಲಸ, ಸ್ವಾಮಿಗೆ ಅವನ ಕೆಲಸ.

ಬರಿಗಾಲಲ್ಲಿ ಓಡಿದೆ. ನಾಲ್ಕು ಕತ್ತೆಗಳನ್ನೂ ಅವುಗಳ ಮರಿಗಳನ್ನೂ ಹೊಡೆದುಕೊಂಡು ನಡುವಯಸ್ಸಿನ ಹೆಂಗಸೊಬ್ಬಳು ಹೋಗುತ್ತಿದ್ದಳು. ಹೆಸರು ಅಂಕಮ್ಮ, ಆಂಧ್ರದ ಕಡೆಯವಳು.

"ಕೂಸು ಎಷ್ಟು ತಿಂಗಳದಮ್ಮಾ?" ಎಂದಳು.

"ಏಳು ದಿನದ್ದು. ಕುದುರೆ ಮರಿ."

ಅಂಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಪ್ಪತ್ತು ವರ್ಷ ತಿರುಗಿದೀನಿ, ಇಂಥ ಕೂಸಿಗೆ ಯಾರೂ ಕೇಳಿಲ್ಲ ತಾಯಿ," ಎಂದು ನಕ್ಕಳು. ಆದರೆ ಹಿತ್ತಲಿಗೆ ಬಂದು ಮರಿಯನ್ನು ಕಂಡ ಮೇಲೆ ನಗಲಿಲ್ಲ. ಒಂದು ಕತ್ತೆಯ ಹಾಲನ್ನು ಒಳಲೆಗೆ ಕರೆದು ಬೆರಳಲ್ಲಿ ಅದ್ದಿ ಮರಿಯ ಒಸಡಿಗೆ ಸವರಿದಳು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಮರಿಯ ನಾಲಗೆ ಅವಳ ಬೆರಳನ್ನು ಸುತ್ತಿಕೊಂಡಿತು.

"ಎಳೀತದೆ!" ಎಂದು ಕೂಗಿದಳು. "ಇದಕ್ಕೆ ಬಾಟ್ಲಿ ಬ್ಯಾಡಮ್ಮಾ, ಮೈ ಬಿಸಿ ಬೇಕು. ಕೆಚ್ಚಲಿಗೇ ಬಿಡಾಣ."

ತನ್ನ ಕತ್ತೆಮರಿ ಮಲಗುವ ಗೋಣಿಯನ್ನು ತಂದು ನಮ್ಮ ಮರಿಗೆ ಹೊದಿಸಿದಳು. ಮೂಸಿದರೆ ತನ್ನ ಮರಿಯದೇ ವಾಸನೆ ಬರಬೇಕು, ಆಗ ಕತ್ತೆ ಹತ್ತಿರ ಸೇರಿಸುತ್ತದೆ ಎಂದಳು. ಕತ್ತೆ ಮೂಸಿತು, ಕಿವಿ ಹಿಂದಕ್ಕೆ ಮಡಚಿತು, ಮತ್ತೆ ಮೂಸಿತು, ಸುಮ್ಮನಾಯಿತು. ನಾವು ಮರಿಯನ್ನು ಎತ್ತಿ ನಿಲ್ಲಿಸಿದೆವು. ತೊಡಕು ಬಂದದ್ದೇ ಆಗ. ಕತ್ತೆ ಗಿಡ್ಡ, ಕುದುರೆ ಮರಿಯ ಕಾಲು ಉದ್ದ. ಕೆಚ್ಚಲಿಗೆ ಬಾಯಿ ಹಾಕಲು ಬಗ್ಗಿದರೆ ಶಕ್ತಿಯಿಲ್ಲದ ಕಾಲು ಮಡಚಿ ಕುಸಿಯುತ್ತಿತ್ತು. ಮಲಗಿಸಿದರೆ ಕತ್ತೆ ಒದೆಯಿತು. ಎರಡು ಸಲ ಎಬ್ಬಿಸಿದೆವು, ಎರಡು ಸಲವೂ ಬಿತ್ತು. ಮರಿಯ ಉಸಿರು ಮೇಲೆ ಮೇಲೆ ಬರುತ್ತಿತ್ತು.

"ಕತ್ತೆನ ಎತ್ತರದಲ್ಲಿ ನಿಲ್ಲಿಸ್ಬೇಕು," ಎಂದಳು ಅಂಕಮ್ಮ. "ಮೊಣಕಾಲುದ್ದ ಜಗಲಿ ಇದೆಯಾ?"

ನಮ್ಮ ಮನೆಯ ಜಗಲಿಯನ್ನು ಗ್ರಿಲ್ ಹಾಕಿಸುವಾಗ ಒಡೆಸಿಬಿಟ್ಟಿದ್ದೆವು. ನನ್ನ ಕಣ್ಣು ತಾನಾಗಿ ಬೇವಿನ ಮರದ ಕಡೆ ಹೋಯಿತು. ಅತ್ತೆ ಅದನ್ನು ಕಂಡರು.

"ಅಯ್ಯೋ ನಿನ್ನ! ದೇವರ ಕಟ್ಟೆ ಮೇಲೆ ಕತ್ತೆನಾ? ಊರವರು ಬಹಿಷ್ಕಾರ ಹಾಕ್ತಾರೆ ಕಣೇ!"

"ಪಿಳ್ಳಪ್ಪನವರನ್ನ ಕೇಳಿ ಬರ್ತೀನಿ ಅತ್ತೆ. ಅವರು ಬೇಡ ಅಂದ್ರೆ ಇಟ್ಟಿಗೆ ಹೊತ್ತು ನಾನೇ ಜಗಲಿ ಕಟ್ತೀನಿ."

ಪಿಳ್ಳಪ್ಪನವರು ಮುನೇಶ್ವರನ ಪೂಜಾರಿ. ಹೊಲದಲ್ಲಿ ಸೊಪ್ಪು ಕೊಯ್ಯುತ್ತಿದ್ದರು. ನಾನು ಏದುಸಿರು ಬಿಡುತ್ತಾ ಹೇಳಿದ್ದನ್ನೆಲ್ಲ ಕೇಳಿ, ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜೊತೆಗೆ ಬಂದರು. ಮರಿಯನ್ನು ನೋಡಿದರು, ಕತ್ತೆಯನ್ನು ನೋಡಿದರು, ತಲೆಯ ಮೇಲಿನ ಟವೆಲ್ ತೆಗೆದು ಕಟ್ಟೆಯ ಕಡೆ ತಿರುಗಿ ಕೈಮುಗಿದರು.

"ನಮ್ಮಪ್ಪ ಕುದುರೆ ಮೇಲೆ ಓಡಾಡೋನು," ಎಂದರು. "ಕುದುರೆ ಕೂಸಿಗೆ ಹಾಲು ಕೊಡಕೆ ಯಾರು ಬಂದರೂ ಅವನ ಮನೆ ನೆಂಟರೇ. ಹತ್ತಿಸ್ರವ್ವ."

ಅತ್ತೆ ಪೊರಕೆ ತಂದು ಕಟ್ಟೆಯನ್ನು ತಾವೇ ಗುಡಿಸಿದರು. ಕತ್ತೆಯ ಕಾಲು ಜಾರದಿರಲೆಂದು ತಮ್ಮ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು. ನಾನೂ ಪಿಳ್ಳಪ್ಪನವರೂ ಮರಿಯನ್ನು ಗೋಣಿಯಲ್ಲಿ ಹೊತ್ತು ತಂದು ಕಟ್ಟೆಯ ಅಂಚಿಗೆ ಆನಿಸಿ ನಿಲ್ಲಿಸಿದೆವು. ಕೆಚ್ಚಲು ಸರಿಯಾಗಿ ಅದರ ಮೂತಿಗೆ ಬಂತು.

ಮೊದಲು ಏನೂ ಆಗಲಿಲ್ಲ. ಆಮೇಲೆ ಚಪ್ ಎಂದು ಒಂದು ಸದ್ದು. ಮತ್ತೊಂದು. ಮರಿಯ ಗಂಟಲಲ್ಲಿ ಗುಟುಕು ಇಳಿಯುವುದು ನನ್ನ ಅಂಗೈಗೆ ತಿಳಿಯಿತು. ಅದರ ಮೋಟು ಬಾಲ ಅತ್ತಿತ್ತ ಆಡಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, "ತಾರಾ, ನೋಡೇ, ಕುಡೀತಾಯ್ತೆ ಕಣೇ ನಿನ್ನ ಮಗಳು," ಎಂದರು. ಮಂಗಳವಾರದಿಂದ ಅವರು ಆ ಹೆಸರು ಎತ್ತಿರಲಿಲ್ಲ.

ಅಂಕಮ್ಮ ಮರುದಿನ ಹೊಸಕೋಟೆ ಕಡೆ ಹೋಗಬೇಕಿತ್ತು. ಇರು ಎಂದು ಕೇಳಿಕೊಂಡೆವು. ಕತ್ತೆಗಳಿಗೆ ಮೇವು, ತನಗೆ ರಾಗಿಹಿಟ್ಟು, ಮಲಗಲು ಕೊಟ್ಟಿಗೆಯ ಮೂಲೆ ಕೊಟ್ಟರೆ ಸಾಕೆಂದು ಇಪ್ಪತ್ತು ದಿನ ಉಳಿದಳು. ಎಲ್ಲವೂ ಸಲೀಸಾಗಿ ನಡೆಯಿತೆಂದು ತಿಳಿಯಬೇಡಿ. ಎರಡನೆಯ ದಿನ ಕತ್ತೆ ನನ್ನ ಮೊಣಕಾಲಿಗೆ ಒದ್ದ ಕಲೆ ಇನ್ನೂ ಇದೆ. ಒಂದು ಕತ್ತೆಯ ಹಾಲು ಸಾಲದೆ ಎರಡನ್ನು ಸರದಿಯಲ್ಲಿ ಹತ್ತಿಸುತ್ತಿದ್ದೆವು. ಕತ್ತೆಮರಿಗಳ ಪಾಲನ್ನು ಅಂಕಮ್ಮ ಮೊದಲೇ ತೆಗೆದಿಡುತ್ತಿದ್ದಳು, ಅದು ನ್ಯಾಯ. ಕೆಚ್ಚಲು ಸಿಕ್ಕ ಮೇಲೆ ನಮ್ಮ ಮರಿಗೆ ಆಸೆ ಮರಳಿ, ಡಾಕ್ಟರಮ್ಮ ಹೇಳಿದ ತೆಳು ಹಾಲನ್ನೂ ಬಾಟಲಿಯಿಂದ ಕುಡಿಯತೊಡಗಿತು. ಅವರು ಬಂದು ನೋಡಿ, "ಕತ್ತೆ ಹಾಲು ಕುದುರೆ ಹಾಲಿಗೆ ತುಂಬ ಹತ್ತಿರ ಕಣ್ರೀ. ಆದ್ರೆ ನಮ್ಮ ಪುಸ್ತಕದಲ್ಲಿ ಕಟ್ಟೆ ಇರ್ಲಿಲ್ಲ," ಎಂದು ನಕ್ಕರು. ಊರಿನ ಹೆಂಗಸರು ನೋಡಲು ಬಂದರು. "ಅಂಗಡೀಲಿ ಅದೃಷ್ಟ ಬರ್ಲಿ ಅಂತ ಕತ್ತೆ ಪಟ ಹಾಕ್ತಾರೆ, ನಿಮ್ಮನೇಲಿ ಕತ್ತೇನೇ ಬಂತಲ್ಲೇ ಶೈಲಾ!" ಎಂದು ರೇಗಿಸಿದರು. ಬಹಿಷ್ಕಾರವನ್ನು ಯಾರೂ ಹಾಕಲಿಲ್ಲ.

ಮರಿಗೆ ಈಗ ಎಂಟು ತಿಂಗಳು. ಹಸಿರು ಹುಲ್ಲು ತಿನ್ನುತ್ತದೆ, ನೆನೆಸಿದ ಹುರುಳಿ ತಿನ್ನುತ್ತದೆ, ಬಿಟ್ಟರೆ ತಂತಿಯ ಮೇಲಿನ ಟವೆಲನ್ನೂ ತಿನ್ನುತ್ತದೆ. ನನ್ನ ಭುಜಕ್ಕಿಂತ ಎತ್ತರವಾಗಿದೆ.

ಅಕ್ಕತಂಗಿಯರೇ, ನಾನು ಅವತ್ತು ಹಾಲು ಕೇಳಿದೆ. ಯಾರ ಹಾಲು, ಹೇಗೆ ಎಂದು ಸ್ವಾಮಿಗೆ ಅಪ್ಪಣೆ ಮಾಡಲಿಲ್ಲ, ಮಾಡುವಷ್ಟು ತಿಳಿವಳಿಕೆಯೂ ಇರಲಿಲ್ಲ. ಕೊಡುವುದನ್ನು ಕೊಟ್ಟು, ಅದು ನಿಲ್ಲಲು ತನ್ನ ಕಟ್ಟೆಯನ್ನೂ ಕೊಟ್ಟ. ಈಗ ಸಂಕಟ ಬಂದರೆ ಕೇಳುತ್ತೇನೆ, ಕೇಳಿ ಎದ್ದು ಕೆಲಸಕ್ಕೆ ನಿಲ್ಲುತ್ತೇನೆ. ಬೀದಿಯಲ್ಲಿ ಯಾವ ಕೂಗು ಕೇಳಿದರೂ ಒಂದು ಸಲ ಬಾಗಿಲಿಗೆ ಬಂದು ನೋಡುತ್ತೇನೆ.

ಹರಕೆ ತೀರಿಸುವವರು ನಮ್ಮ ಮುನೇಶ್ವರನಿಗೆ ಮಣ್ಣಿನ ಕುದುರೆ ಒಪ್ಪಿಸುವುದು ವಾಡಿಕೆ. ನಾನು ಕುಂಬಾರರ ಮನೆಗೆ ಹೋಗಿ ಕತ್ತೆ ಮಾಡಿಕೊಡಿ ಎಂದೆ. ಅಜ್ಜ ಕೈಯ ಮಣ್ಣನ್ನು ಕೆಳಗಿಟ್ಟು, "ನಮ್ಮಪ್ಪನ ಕಾಲದಿಂದ ಕತ್ತೆ ಕೇಳಿದೋಳು ನೀನೇ ಮೊದಲು ಕಣವ್ವಾ," ಎಂದರು. ಆದರೂ ಮಾಡಿಕೊಟ್ಟರು. ಕಟ್ಟೆಯ ಮೇಲೆ ಕುದುರೆಗಳ ಸಾಲಿನಲ್ಲಿ ಅದು ನಿಂತಿದೆ, ಪಿಳ್ಳಪ್ಪನವರು ಅದಕ್ಕೂ ಕುಂಕುಮ ಇಡುತ್ತಾರೆ. ಈ ಕಡೆ ಬಂದರೆ ನೋಡಿ ಹೋಗಿ. ಕಿವಿ ಉದ್ದ ಇರುವುದು ನಮ್ಮದು.