ದೋಣಿ ತಿಕ್ಕಲು ಬಂದ ಹಾಜರಾಬಿ

ಸಾವಿರದ ಒಂಬೈನೂರ ಐವತ್ತೊಂಬತ್ತರ ಮಾರ್ಚ್ ತಿಂಗಳಲ್ಲಿ ನಮ್ಮ ನೀರಿನ ಕಚೇರಿಯ ದೋಣಿ ಮುಳುಗಿತು.

ಬೈರಿದೇವರಕೊಪ್ಪದ ಆಚೆ, ಹುಬ್ಬಳ್ಳಿಗೆ ಕುಡಿಯುವ ನೀರು ಕೊಡುವ ಒಂದು ಕೆರೆಯಿತ್ತು. ಕೆರೆಯ ನಡುವೆ ಕಲ್ಲಿನ ಗೋಪುರ. ಅದರೊಳಗಿನ ಚಕ್ರ ತಿರುಗಿಸಿದರೆ ಹುಬ್ಬಳ್ಳಿಯ ಕೊಳವೆಗಳಿಗೆ ನೀರು ಹರಿಯುತ್ತಿತ್ತು. ಚಕ್ರ ತಿರುಗಿಸುವ ಹನುಮಪ್ಪ ದಿನಕ್ಕೆರಡು ಸಲ ಅಲ್ಲಿಗೆ ಹೋಗಿಬರಬೇಕು. ಅದಕ್ಕಿದ್ದದ್ದು ಒಂದೇ ಒಂದು ಮರದ ದೋಣಿ. ಹಿಂದಿನ ತಿಂಗಳಷ್ಟೇ ಪೇಟೆಯ ಒಬ್ಬ ಗುತ್ತಿಗೆದಾರ ಅದನ್ನು ತೊಳೆಸಿ, ಹಸಿರು ಬಣ್ಣ ಬಳಿಸಿ, ಮದುವೆ ಮನೆಯ ಪೆಟ್ಟಿಗೆಯಂತೆ ಮಾಡಿಕೊಟ್ಟಿದ್ದ. ನಾವೆಲ್ಲ ನೋಡಿ ಮೆಚ್ಚಿಕೊಂಡಿದ್ದೆವು. ಮತ್ತೆ ನೀರಿಗಿಳಿಸಿದ ದಿನ ದಂಡೆಯಿಂದ ಹತ್ತು ಮಾರು ಹೋಗುವುದರೊಳಗೆ ಅದರ ತಳ ಬಿಟ್ಟುಕೊಂಡಿತು. ಈಜು ಬಾರದ ಹನುಮಪ್ಪ ಹುಟ್ಟನ್ನೇ ತಬ್ಬಿಕೊಂಡು ಕೂಗಿದ. ಎಮ್ಮೆ ಮೈ ತೊಳೆಯುತ್ತಿದ್ದವರು ಹಗ್ಗ ಎಸೆದು ಅವನನ್ನೂ ದೋಣಿಯನ್ನೂ ದಂಡೆಗೆ ಎಳೆದರು. ಆಮೇಲೆ ನಾಲ್ಕು ಡಾಂಬರು ಪೀಪಾಯಿಗಳ ಮೇಲೆ ಹಲಗೆ ಕಟ್ಟಿ ತೆಪ್ಪ ಮಾಡಿದೆವು. ಹನುಮಪ್ಪ ದಿನಾ ಅದನ್ನು ಹತ್ತುವಾಗ ನೀರಿನ ಕಡೆ ನೋಡದೆ ಆಕಾಶ ನೋಡುತ್ತಿದ್ದ.

ನಾನು ಆಗ ಆ ಕಚೇರಿಯಲ್ಲಿ ಗುಮಾಸ್ತ. ಇಪ್ಪತ್ತೇಳು ವರ್ಷ. ನಮ್ಮ ಮನೆತನದಲ್ಲಿ ಸರ್ಕಾರಿ ಕುರ್ಚಿಯ ಮೇಲೆ ಕೂತವನು ನಾನೇ ಮೊದಲು. ಇಂಜಿನಿಯರ್ ಸಾಹೇಬರು ನನ್ನನ್ನು ಕರೆದು ಹೇಳಿದರು: "ಅರ್ಜುನಪ್ಪ, ಈ ಸಲ ದೋಣಿ ಸ್ವಚ್ಛ ಮಾಡವ್ರನ್ನ ನೀನ ಹುಡುಕು. ನೀನ ನೋಡು, ನೀನ ಬರದು ತಾ. ಮಳಿಗಾಲದೊಳಗ ದೋಣಿ ನೀರಿಗಿಳೀಬೇಕು."

ಅವರಿಗೆ ನನ್ನ ಮೇಲೆ ವಿಶ್ವಾಸವಿತ್ತೋ, ಮತ್ತೆ ಮುಳುಗಿದರೆ ಬೈಯಲು ಒಬ್ಬ ಬೇಕಾಗಿತ್ತೋ, ಈಗಲೂ ಗೊತ್ತಿಲ್ಲ. ದೋಣಿಯ ಬಗ್ಗೆ ನನಗೆ ತಿಳಿದಿದ್ದು ಸೊನ್ನೆ. ನಮ್ಮ ಸೀಮೆಯಲ್ಲಿ ದೋಣಿ ಎಂದರೆ ಶಾಲೆಯ ಪುಸ್ತಕದಲ್ಲಿ ನೋಡುವ ಚಿತ್ರ.

ಮೊದಲು ಬಂದವನು ಮೈಲಾರಪ್ಪ. ಹಿಟ್ಟಿನ ಗಿರಣಿ, ಮೋಟಾರು, ನೀರಿನ ಟಾಕಿ, ಎಲ್ಲ ತೊಳೆಸಿಕೊಡುವ ಉದ್ಯೋಗ ಅವನದು. ಅಚ್ಚು ಹಾಕಿಸಿದ ಕಾಗದ ತಂದಿದ್ದ. ದಂಡೆಯ ಮೇಲೆ ಮಗ್ಗುಲಾಗಿದ್ದ ದೋಣಿಯನ್ನು ದೂರದಿಂದಲೇ ನೋಡಿ, "ಎರಡ ದಿನ ಸಾಕ್ರಿ. ತಂತಿ ಬ್ರಶ್ಶು, ಒಗಿಯೋ ಸೋಡಾದ ನೀರು ಹಾಕಿ ಕನ್ನಡಿ ಹಂಗ ಮಾಡಿಕೊಡ್ತೇನಿ" ಎಂದ. ಒಳ್ಳೆಯ ಮನುಷ್ಯನೇ, ಸುಳ್ಳುಗಾರನಲ್ಲ. ಆದರೆ ಹಿಂದಿನವನೂ ಇದೇ ಮಾತು ಹೇಳಿದ್ದ.

ಎರಡನೆಯವನು ಮಕ್ತುಮಸಾಬ. ರೈಲು ಡಬ್ಬಿಗಳಿಗೆ ಬಣ್ಣ ಹಚ್ಚುವವನು, ಗೋಪನಕೊಪ್ಪದ ಕಡೆ ಮನೆ. ರಜೆಯ ದಿನ ಸೈಕಲ್ ಮೇಲೆ ಬಂದ. ದೋಣಿಯನ್ನು ಎರಡು ಸುತ್ತು ಹಾಕಿದ, ಕೂತು ಕೆಳಗೆ ಬಗ್ಗಿ ನೋಡಿದ, ಎದ್ದು ಕೈ ಒರೆಸಿಕೊಂಡ.

"ಇದು ನನ್ನ ಕೈಯಾಗಿನ ಕೆಲಸ ಅಲ್ರಿ ಸಾಹೇಬ್ರ. ಡಬ್ಬಿ ಮಳಿಯಾಗ ನಿಂದರತೈತಿ, ನೀರಾಗ ಕೂಡೂದಿಲ್ಲ. ನಾ ಬಣ್ಣ ಹಚ್ಚಿದರ ಛಲೋ ಕಾಣತೈತಿ, ಅಷ್ಟ."

"ಹಂಗಾರ ಯಾರಿಗೆ ಗೊತ್ತೈತಿ?"

ಅವನು ಹೊರಡಲೆಂದು ಸೈಕಲ್ ಹಿಡಿದವನು ಮತ್ತೆ ನನ್ನ ಕಡೆ ತಿರುಗಿದ. "ನಮ್ಮ ಮನ್ಯಾಗಿನಾಕಿಗೆ ಗೊತ್ತೈತ್ರಿ. ಆಕಿ ತವರಮನಿ ಹೊನ್ನಾವರದ ಕಡೆ. ಆಕಿ ಅಪ್ಪಂದು ಮೂರು ದೋಣಿ ಇದ್ದುವು. ಆದ್ರ ಹೆಣ್ಣಮಗಳನ್ನ ನಿಮ್ಮ ಕಚೇರಿಯವ್ರು ತಗೋತಾರೇನ್ರಿ?"

"ಮೊದಲ ನೋಡ್ಲಿ. ಕರಕೊಂಡ ಬರ್ರಿ" ಎಂದೆ. ಬರುತ್ತಾರೆಂದು ನಾನು ನಂಬಿರಲಿಲ್ಲ.

ಮುಂದಿನ ಭಾನುವಾರ ಹಾಜರಾಬಿ ಬಂದಳು. ಮೂವತ್ತೆಂಟರ ಆಸುಪಾಸು, ಎತ್ತರದ ಹೆಣ್ಣು, ತಲೆಯ ಮೇಲೆ ಸೆರಗು, ಕೈಯಲ್ಲಿ ಬುತ್ತಿಯ ಗಂಟು. ನನಗೆ ಸಲಾಂ ಹೇಳಿ, ಗಂಟನ್ನು ಗಂಡನ ಕೈಗೆ ಕೊಟ್ಟು ನೇರ ದೋಣಿಯ ಹತ್ತಿರ ಹೋದಳು. ಅಂಗೈಯಿಂದ ಹಲಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ಸಂದಿಯಲ್ಲಿ ಉಗುರು ತೂರಿಸಿ ನೋಡಿದಳು. ಒಂದು ಕಡೆ ಮೂಗು ಹತ್ತಿರ ಒಯ್ದು ವಾಸನೆ ಹಿಡಿದಳು. ಹದಿನಾರನೆಯ ವಯಸ್ಸಿಗೆ ಮದುವೆಯಾಗಿ ಘಟ್ಟ ಹತ್ತಿ ಬಂದವಳು. ಇಪ್ಪತ್ತೆರಡು ವರ್ಷ ಹುಬ್ಬಳ್ಳಿಯಲ್ಲಿ ಒಂದು ದೋಣಿಯನ್ನೂ ಕಂಡಿರಲಿಲ್ಲವಂತೆ. ಅದನ್ನು ಆಮೇಲೆ ಮಕ್ತುಮಸಾಬ ಹೇಳಿದ. ಆ ಹೊತ್ತಿನಲ್ಲಿ ನನಗೆ ಕಂಡದ್ದು ಇಷ್ಟೇ: ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಮ್ಮ ಕಡೆ ತಿರುಗಿದಳು, ಮುಖದ ಮೇಲೆ ಸಿಟ್ಟಿತ್ತು.

"ಇದನ್ನ ಯಾರ್ರಿ ತೊಳದವ್ರು? ಮೈ ತೊಳದಾರೋ, ಚರ್ಮಾನ ಸುಲದಾರೋ? ಸಂದ್ಯಾಗ ತುರುಕಿದ್ದ ಹತ್ತಿ, ರಾಳ ಎಲ್ಲಾ ಕೆರದು ತಗದಾರ. ಹಸಿ ಹಲಿಗಿ ಮ್ಯಾಲೆ ಬಣ್ಣಾ ಬಳದಾರ. ಮುಳಗದ ಏನ್ ಮಾಡೀತು ಪಾಪ!"

"ಈಗ ಏನ್ ಮಾಡಬೇಕ್ರಿ ಅಕ್ಕಾರ?"

"ಬಣ್ಣಾ ತಗೀಬೇಕು. ತಂತಿ ಬ್ರಶ್ಶಿನಿಂದಲ್ಲ, ಸಮುದ್ರದ ಚಿಪ್ಪಿನಿಂದ. ಆಮ್ಯಾಲೆ ಒಣಗಬೇಕು. ಒಂದೊಂದ ಸಂದೀಗೂ ಹತ್ತಿ ತುಂಬಬೇಕು." ಅಷ್ಟು ಹೇಳಿ ಕೆರೆಯ ಕಡೆ ನೋಡಿದಳು. "ಈ ನೀರು ನಾವು ಕುಡಿಯೋದ ಅಲ್ಲೇನ್ರಿ? ಕೆರದ ಬಣ್ಣ, ಹೊಲಸು ಎಲ್ಲಾ ಎಲ್ಲಿಗೆ ಒಗೀತೀರಿ? ದಂಡಿ ಮ್ಯಾಲೆ ಬಿಟ್ಟರ ಮೊದಲನೇ ಮಳಿಗೇನ ಕೆರಿಗಿಳೀತೈತಿ."

ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹಿಂದಿನ ಗುತ್ತಿಗೆದಾರ ಸೋಡಾ ನೀರನ್ನೆಲ್ಲ ಎಲ್ಲಿ ಚೆಲ್ಲಿದ ಎಂದು ನಾವೂ ಕೇಳಿರಲಿಲ್ಲ. ನನ್ನ ತಾಯಿ ಉಡಚವ್ವ ಊರ ಬಾವಿಯ ಕಟ್ಟೆಯಿಂದ ದೂರದಲ್ಲಿ ಕೊಡ ಇಟ್ಟುಕೊಂಡು, ಯಾರಾದರೂ ಎತ್ತಿ ಸುರಿದಾರೆಂದು ತಾಸುಗಟ್ಟಲೆ ನಿಂತವಳು. ನೀರಿನ ಕಚೇರಿಯ ಕೆಲಸ ಸಿಕ್ಕಿದಾಗ ಅವಳು ಹೇಳಿದ್ದು ಒಂದೇ ಮಾತು, ನೀರು ಕೆಡಿಸಬೇಡ ಮಗನೇ ಎಂದು. ಹಾಜರಾಬಿಯ ಪ್ರಶ್ನೆ ಕೇಳಿದ ಮೇಲೆ ಯಾರಿಗೆ ಕೆಲಸ ಕೊಡಬೇಕೆಂಬುದು ನನ್ನ ಮಟ್ಟಿಗೆ ಮುಗಿದ ಮಾತಾಗಿತ್ತು.

ಕಚೇರಿಯ ಮಟ್ಟಿಗೆ ಮುಗಿದಿರಲಿಲ್ಲ. ಹೆಡ್ ಕ್ಲಾರ್ಕ್ ಚನ್ನಯ್ಯನವರು ನನ್ನ ಟಿಪ್ಪಣಿಯನ್ನು ಓದಿ ಕನ್ನಡಕ ತೆಗೆದರು.

"ಮೈಲಾರಪ್ಪಂದು ಅಚ್ಚು ಹಾಕಿದ ಕಾಗದ ಐತಿ. ಈಕೀದೇನೈತಿ?"

"ಕೆಲಸ ಗೊತ್ತೈತ್ರಿ."

"ಗೊತ್ತಿರೋದನ್ನ ಫೈಲಿಗೆ ಹೆಂಗ ಹಚ್ಚತೀಯೋ?"

ನಾನೇ ಅರ್ಜಿ ಬರೆದೆ. ಹೆಸರು, ಊರು, ಎಷ್ಟು ವರ್ಷದಿಂದ ಕೆಲಸ ಬಲ್ಲಳು, ದೋಣಿಗೆ ಏನಾಗಿದೆ, ಏನು ಮಾಡುತ್ತಾಳೆ, ಹೊಲಸನ್ನು ಎಲ್ಲಿ ಹೂಳುತ್ತಾಳೆ, ಎಲ್ಲ. ಹಾಜರಾಬಿ ಕೆಳಗೆ ಉರ್ದುವಿನಲ್ಲಿ ತನ್ನ ಹೆಸರು ಬರೆದಳು, ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದು. ಸಾಹೇಬರು ಅರ್ಜಿ ಓದಿದರು, ಹೊಲಸು ಹೂಳುವ ಸಾಲಿನ ಹತ್ತಿರ ಬೆರಳು ನಿಲ್ಲಿಸಿದರು.

"ಮತ್ತ ಮುಳಗಿದ್ರ, ಅರ್ಜುನಪ್ಪ?"

"ನನ್ನ ಹೆಸರ ಮ್ಯಾಲೆ ಬರೀರ್ರಿ" ಎಂದೆ. ಸಾಹೇಬರು ಅರ್ಜಿಯ ಮೇಲೆ ಸಹಿ ಹಾಕಿದರು.

ಮರುದಿನದಿಂದ ಹಾಜರಾಬಿ ದಂಡೆಯ ಮೇಲೆ ಕೂತಳು. ಜೊತೆಗೆ ಅವಳ ಓಣಿಯ ದುರಗವ್ವ. ಮೊದಲು ನೀರಿನಿಂದ ದೂರದಲ್ಲಿ ಆಳದ ಗುಂಡಿ ತೋಡಿಸಿದಳು. ದೋಣಿಯ ಕೆಳಗೆ ಹಳೆಯ ಗೋಣಿ ತಟ್ಟು ಹಾಸಿ, ಉದುರಿದ ಬಣ್ಣದ ಚಕ್ಕೆಯೂ ಆಚೆ ಹೋಗದಂತೆ ನೋಡಿಕೊಂಡಳು. ತವರಿನಿಂದ ತಂದಿಟ್ಟುಕೊಂಡಿದ್ದ ಚಿಪ್ಪಿನಿಂದ ಹಲಗೆ ಕೆರೆಯುವಾಗ ಅವಳ ಕೈ ಮಗುವಿನ ತಲೆ ಬಾಚುವಷ್ಟು ಹಗುರ. ಕರಾವಳಿಯಲ್ಲಿ ಗೇರು ಸಿಪ್ಪೆಯ ಎಣ್ಣೆ ಹಚ್ಚುತ್ತಾರಂತೆ. "ಅದು ಸಮುದ್ರಕ್ಕ ನಡೀತೈತಿ, ಕುಡಿಯೋ ನೀರಿಗೆ ಬ್ಯಾಡ್ರಿ" ಎಂದು ಬಿಟ್ಟಳು. ಅದರ ಬದಲು ನಮ್ಮ ಸೀಮೆಯ ಅಗಸೆ ಎಣ್ಣೆಯನ್ನು ಕಾಯಿಸಿ, ರಾಳದ ಪುಡಿ ಬೆರೆಸಿ, ಅದರಲ್ಲಿ ಹತ್ತಿಯ ಬತ್ತಿ ಅದ್ದಿ, ಉಳಿಯಿಂದ ಸಂದಿಗೆ ಬಡಿದಳು. ಹತ್ತಿಗೆ ಮಾತ್ರ ಹುಬ್ಬಳ್ಳಿಯಲ್ಲಿ ಬರವಿಲ್ಲ ಎಂದು ನಕ್ಕಳು.

ನೋಡಲು ಜನ ಬರುತ್ತಿದ್ದರು. ಹೆಂಗಸರು ದೋಣಿ ಮುಟ್ಟಬಾರದೆಂದು ಒಬ್ಬ ಮುದುಕ ಹೇಳಿದ. ದುರಗವ್ವ ತಲೆಯೆತ್ತದೆ, "ಹಂಗಾರ ನೀ ಬಂದು ಮುಟ್ಟಪಾ" ಎಂದಳು. ಅವನು ಮತ್ತೆ ಆ ಕಡೆ ಬರಲಿಲ್ಲ.

ಹದಿನೈದನೆಯ ದಿನ ದೋಣಿಯನ್ನು ನೀರಿಗಿಳಿಸಿದೆವು. ಸಾಹೇಬರು, ಚನ್ನಯ್ಯನವರು, ಕಚೇರಿಯ ಅರ್ಧ ಜನ ನಿಂತಿದ್ದರು. ಕಾಲು ತಾಸಿನಲ್ಲಿ ದೋಣಿಯೊಳಗೆ ನೀರು ಕಾಣಿಸಿತು. ಮೊದಲು ಬೊಗಸೆಯಷ್ಟು, ಆಮೇಲೆ ಪಾದ ಮುಳುಗುವಷ್ಟು. ಹನುಮಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಮುಗೀತು. ಮೈಲಾರಪ್ಪಗ ಹೇಳಿಕಳಿಸ್ರಿ" ಎಂದು ಚನ್ನಯ್ಯನವರು ತಿರುಗಿದರು.

ಹಾಜರಾಬಿ ಮಾತ್ರ ಗಾಬರಿಯಾಗಿರಲಿಲ್ಲ. "ಒಣಗಿದ ಕಟ್ಟಿಗೆ ಅದ್ರಿ ಅದು, ಬಾಯಾರಿಕಿ ಆಗೇತಿ. ಕುಡೀಲಿ ಬಿಡ್ರಿ. ಹಲಿಗಿ ಉಬ್ಬಿದ ಮ್ಯಾಲೆ ತಾನ ಬಾಯಿ ಮುಚ್ಚತೈತಿ. ನಾಡಿದ್ದು ಬಂದು ನೋಡ್ರಿ."

ಸಾಹೇಬರು ನನ್ನ ಮುಖ ನೋಡಿದರು. ಅವಳ ಮಾತು ನಿಜವೋ, ಸೋತವರು ಹೇಳುವ ನೆವವೋ, ತಿಳಿಯಲು ನನ್ನ ಬಳಿ ಯಾವ ದಾರಿಯೂ ಇರಲಿಲ್ಲ. ಅವಳು ಹದಿನೈದು ದಿನ ಕೂತು ಮಾಡಿದ್ದನ್ನು ಮಾತ್ರ ನೋಡಿದ್ದೆ. "ನಾಡಿದ್ದು ನೋಡೂಣ್ರಿ ಸಾಹೇಬ್ರ" ಎಂದೆ.

ನಡುವಿನ ದಿನ ನಾನು ಅನ್ನ ತಿಂದೆನೋ ಇಲ್ಲವೋ ನೆನಪಿಲ್ಲ. ಮೂರನೆಯ ಬೆಳಿಗ್ಗೆ ಹೋದಾಗ ಹಾಜರಾಬಿ, ದುರಗವ್ವ ಇಬ್ಬರೂ ಡಬ್ಬದಿಂದ ದೋಣಿಯ ನೀರು ಮೊಗೆದು ಹಾಕುತ್ತಿದ್ದರು. ತಳ ಒರೆಸಿದರು. ಒಂದು ತಾಸು ಕಾದೆವು. ಚನ್ನಯ್ಯನವರು ತಾವೇ ಬಗ್ಗಿ ಹಲಗೆಯ ಮೇಲೆ ಅಂಗೈ ಇಟ್ಟರು. ಎತ್ತಿ ನೋಡಿಕೊಂಡರು. ಒಣ ಕೈ.

"ಹತ್ತು ಹನುಮಪ್ಪ" ಎಂದರು ಸಾಹೇಬರು.

ಹನುಮಪ್ಪ ಅಲುಗಾಡಲಿಲ್ಲ. "ನನಗ ಮೂರು ಮಕ್ಕಳದಾವ್ರಿ" ಎಂದಷ್ಟೇ ಹೇಳಿದ. ನಗಬೇಕೆಂದವರೂ ನಗಲಿಲ್ಲ.

ಆಗ ಹಾಜರಾಬಿ ಸೀರೆಯನ್ನು ಎತ್ತಿ ಸಿಕ್ಕಿಸಿ, ದೋಣಿಗೆ ಕಾಲಿಟ್ಟಳು. ಹುಟ್ಟು ಕೈಗೆ ತೆಗೆದುಕೊಂಡು ದಂಡೆಗೆ ಒತ್ತಿ ದೂಡಿದಳು. ದೋಣಿ ಬಾಣದಂತೆ ಸರಿಯಿತು. ಹುಟ್ಟು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ನೀರಿನ ಸದ್ದೂ ಬರಲಿಲ್ಲ. ಗೋಪುರದವರೆಗೆ ಹೋಗಿ, ಅದನ್ನು ಸುತ್ತು ಹಾಕಿ, ಕೆರೆಯ ನಟ್ಟನಡುವೆ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಅಲ್ಲಿಂದ ಅವಳ ಮುಖ ಕಾಣುತ್ತಿರಲಿಲ್ಲ. ಬಹಳ ಹೊತ್ತು ಕೂತಿದ್ದಳು. ಅವಳನ್ನು ಕರೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ನನ್ನ ಪಕ್ಕದಲ್ಲಿ ನಿಂತ ಮಕ್ತುಮಸಾಬನ ಕೈಯಲ್ಲಿ ಟೊಪ್ಪಿಗೆ ಹಿಂಡಿ ಮುದ್ದೆಯಾಗಿತ್ತು. "ಇಷ್ಟು ವರ್ಷ ಜತಿಗಿದ್ದೇನ್ರಿ" ಎಂದ ಮೆಲ್ಲಗೆ. "ಆಕೀಗೆ ಇದು ಬರತೈತಿ ಅಂತ ಗೊತ್ತಿತ್ತು. ಇಷ್ಟು ಬೇಕಾಗೇತಿ ಅಂತ ಗೊತ್ತಿದ್ದಿಲ್ರಿ."

ಅವಳು ತಿರುಗಿ ಬಂದು ದೋಣಿಯನ್ನು ದಂಡೆಗೆ ಹಚ್ಚಿ, "ಬಾ ತಮ್ಮಾ, ನಾ ಮುಂದ ಕೂಡತೇನಿ" ಎಂದು ಹನುಮಪ್ಪನ ಕಡೆ ಕೈ ಚಾಚಿದಳು. ಅವನು ಕೈ ಹಿಡಿದು ಹತ್ತಿದ. ಆ ಬೇಸಿಗೆಯಲ್ಲೇ ಅವನಿಗೆ ಹುಟ್ಟು ಹಾಕುವುದನ್ನು ಸರಿಯಾಗಿ ಕಲಿಸಿಕೊಟ್ಟವಳೂ ಅವಳೇ.

ಆಮೇಲೆ ಪ್ರತಿ ವರ್ಷ ಮಳೆಗಾಲದ ಮುಂಚೆ ಹಾಜರಾಬಿಯೇ ಬರುತ್ತಿದ್ದಳು. ನೆರೆಯ ತಾಲೂಕಿನ ಎರಡು ಕೆರೆಗಳಿಂದಲೂ ಕರೆ ಬಂತು. ಹೋಗುವಾಗ ದುರಗವ್ವನನ್ನು ಕರೆದೊಯ್ಯುತ್ತಿದ್ದಳು. ಬರಬರುತ್ತ ದುರಗವ್ವ ಒಬ್ಬಳೇ ನಿಭಾಯಿಸುವಷ್ಟು ಪಳಗಿದಳು. ಮೈಲಾರಪ್ಪನೂ ಒಮ್ಮೆ ಬಂದು ಹತ್ತಿ ತುಂಬುವುದನ್ನು ನೋಡಿಕೊಂಡು ಹೋದ. ಹಾಜರಾಬಿ ಏನನ್ನೂ ಮುಚ್ಚಿಡಲಿಲ್ಲ. ಅರವತ್ತೆಂಟರಲ್ಲಿ ಕಬ್ಬಿಣದ ದೋಣಿ ಬಂತು. ಮರದ್ದನ್ನು ಗೋದಾಮಿನ ಹಿಂದೆ ಮಗುಚಿಟ್ಟರು. ಇನ್ನು ಬರುವುದು ಬೇಡವೆಂಬ ಕಾಗದವನ್ನು ಟಪಾಲಿಗೆ ಹಾಕಲು ಮನಸ್ಸಾಗದೆ ನಾನೇ ಅವಳ ಮನೆಗೆ ಒಯ್ದೆ. ಓದಿ ಹೇಳಿದೆ. ಅವಳು ಚಹಾ ಕೊಟ್ಟಳು. "ಒಂಬತ್ತು ವರ್ಷ ಆತಲ್ರಿ, ಸಾಕು" ಎಂದಳು. ಸಾಕಾಗಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮರುವರ್ಷ ಮಕ್ತುಮಸಾಬ ನಿವೃತ್ತನಾದ. ಗಂಡಹೆಂಡತಿ ಇಬ್ಬರೂ ಅವಳ ಅಣ್ಣನ ಊರಿಗೆ, ಹೊಳೆ ಸಮುದ್ರ ಸೇರುವ ಕಡೆಗೆ ಹೋದರು. ಕೊನೆಗೂ ಅವಳು ಸೇರಬೇಕಾದಲ್ಲಿ ಸೇರಿದಳೆಂದು ನಾನು ಸಂತೋಷಪಟ್ಟೆ. ಎರಡು ತಿಂಗಳ ಮೇಲೆ ಒಂದು ಕಾರ್ಡು ಬಂತು. ತಾಯಿ ಹೇಳಿದ್ದನ್ನು ಮಗಳು ಶಮೀಮ ಕನ್ನಡದಲ್ಲಿ ಬರೆದಿದ್ದಳು. ಎಲ್ಲರೂ ಕ್ಷೇಮ, ದಿನಾ ಮೀನು ಸಿಗುತ್ತದೆ, ಅಣ್ಣನ ದೋಣಿಗಳು ಚೆನ್ನಾಗಿವೆ. ಆದರೆ ಮೂರು ಹೊತ್ತೂ ಅನ್ನ ತಿಂದು ಅಮ್ಮನಿಗೆ ಹೊಟ್ಟೆ ತುಂಬಿದಂತೆಯೇ ಆಗುತ್ತಿಲ್ಲ, ಹುಬ್ಬಳ್ಳಿಯಿಂದ ಈ ಕಡೆ ಬರುವವರು ಯಾರಾದರೂ ಇದ್ದರೆ ನಾಲ್ಕು ಸೇರು ಜೋಳದ ಹಿಟ್ಟು ಕಳಿಸಬೇಕು, ಬಿಳಿ ಜೋಳದ್ದೇ ಆಗಬೇಕು ಎಂದಿತ್ತು.

ದುರಗವ್ವನೇ ಜೋಳ ಹಸನು ಮಾಡಿ, ಬೀಸಿಸಿ ತಂದಳು. ಹೊನ್ನಾವರದ ಬಸ್ಸಿನ ಕಂಡಕ್ಟರನಿಗೆ ಗಂಟು ಒಪ್ಪಿಸಿ, ಬಸ್ಸು ಬಿಡುವ ತನಕ ನಾವಿಬ್ಬರೂ ನಿಂತಿದ್ದೆವು.