ಮೂಗಿನಕ್ಕನ ನೆಗಡಿ

ನೀರು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಮೂಗಿನಕ್ಕ ಎಂದೇ. ಹಾಗಂತ ಮೂಗೇನೂ ದೊಡ್ಡದಲ್ಲ, ಅದರ ಕೀರ್ತಿ ದೊಡ್ಡದು. ನೀರನ್ನು ಜ್ವಾಲೆಗೆ ಸಿಂಪಡಿಸಿ, ಅದರಲ್ಲಿ ಸೀಸವಿದೆಯೋ ತಾಮ್ರವಿದೆಯೋ ಎಂದು ಪತ್ತೆಹಚ್ಚುವ ಯಂತ್ರಕ್ಕೆ ಆಕೆಯೇ ಒಡತಿ. ಅದನ್ನು ಹೊತ್ತಿಸುವ ಮುನ್ನ ಗ್ಯಾಸ್ ಕೊಳವೆಯ ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕೆಂಬುದು ನಿಯಮ. ಮೂಗಿನಕ್ಕ ಒಮ್ಮೆ ಮೂಸುತ್ತಿದ್ದಳು, ಅಷ್ಟೆ. ಆ ಜ್ವಾಲೆಗೆ ಬಳಸುವ ಅಸಿಟಿಲೀನ್ ಗ್ಯಾಸ್ ಸೋರಿದರೆ ಬೆಳ್ಳುಳ್ಳಿಯ ವಾಸನೆ. ಎಳ್ಳಷ್ಟು ಸೋರಿದರೂ ಆಕೆಗೆ ತಿಳಿಯುತ್ತಿತ್ತು. ಮುಚ್ಚಳ ಸಡಿಲಾದ ಆಸಿಡ್ ಬಾಟಲಿಯನ್ನು ಬಾಗಿಲಿನಿಂದಲೇ ಪತ್ತೆಮಾಡಿದವಳು. ಸೋಪಿನ ಬಾಟಲಿ ಕಿಟಕಿಯಲ್ಲಿ ಧೂಳು ತಿನ್ನುತ್ತಾ ಕೂತಿತ್ತು.

ಅಂಥವಳಿಗೆ ನೆಗಡಿ ಬಂತು. ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಅಂತ ಸುಮ್ಮನೆ ಅಂದಿಲ್ಲ. ಮೂಗು ಕಟ್ಟಿದೆ ಎಂದು ಒಪ್ಪಿಕೊಂಡರೆ ಯಂತ್ರ ಬೇರೆಯವರ ಕೈಗೆ ಹೋದೀತು ಎಂಬ ಭಯ. ಬೆಳಿಗ್ಗೆ ಗಂಡನಿಗೆ ಕಾಫಿ ಕೊಟ್ಟು, ಎಂದಿನಂತೆ ಕೆಲಸಕ್ಕೆ ಬಂದು, ಎಲ್ಲರೆದುರು ಗಂಭೀರವಾಗಿ ಮೂಸಿ, "ಎಲ್ಲ ಸರಿಯಿದೆ" ಅಂದಳು. ಯಂತ್ರ ಹೊತ್ತಿಸುವ ಗುಂಡಿಯ ಮೇಲೆ ಬೆರಳು ಹೋಯಿತು.

"ಅಕ್ಕಾ, ಇವತ್ತು ಯಾರಾದ್ರೂ ಡಬ್ಬಿಗೆ ಬೆಳ್ಳುಳ್ಳಿ ಹಾಕ್ಕೊಂಡು ಬಂದಿದ್ದಾರಾ?" ಪಕ್ಕದ ಮೇಜಿನ ಹುಡುಗಿ ಸಂಕೋಚದಿಂದಲೇ ಕೇಳಿದಳು.

ಬೆಳ್ಳುಳ್ಳಿ ಎಂದೊಡನೆ ಮೂಗಿನಕ್ಕನಿಗೆ ಅರ್ಥವಾಯಿತು. ಬೆರಳು ತೆಗೆದು, ಸಿಲಿಂಡರ್ ಬಂದ್ ಮಾಡಿ, "ಯಾರೂ ಸ್ವಿಚ್ ಮುಟ್ಟಬೇಡಿ, ಹೊರಗೆ ನಡೀರಿ" ಅಂದಳು. ಕಿಟಕಿ ತೆರೆದು, ಚೆನ್ನಾಗಿ ಗಾಳಿಯಾಡಿದ ಮೇಲೆ ಸೋಪಿನ ನೀರು ಹಚ್ಚಿದರೆ, ಕೊಳವೆಯಲ್ಲಿ ಉಳಿದಿದ್ದ ಗ್ಯಾಸಿಗೇ ಮೂಲೆಯ ಜಾಯಿಂಟಿನಲ್ಲಿ ಗುಳ್ಳೆಗಳು ಗೋಲಿಯಂತೆ ಉಬ್ಬಿ ಎದ್ದವು.

"ವಾಸನೆ ಬಂದ ಕೂಡ್ಲೆ ಯಾಕಮ್ಮಾ ಹೇಳ್ಲಿಲ್ಲ?"

"ಬಾಗಿಲಲ್ಲೇ ಬಂತು ಅಕ್ಕಾ. ನೀವೇ ಸರಿಯಿದೆ ಅಂದ್ಮೇಲೆ, ನನ್ನ ಮೂಗೇ ಕೆಟ್ಟಿದೆ ಅಂದ್ಕೊಂಡೆ."

ಆ ಮಾತು ಎದೆಗೆ ನಾಟಿತು. ನೆಗಡಿಯ ಸಂಗತಿಯನ್ನು ಎಲ್ಲರ ಮುಂದೆ ಹೇಳಿಬಿಟ್ಟಳು. ನಾಚಿಕೆಯೇನೋ ಆಯಿತು, ಆದರೆ ನಾಚಿಕೊಳ್ಳಲು ಎದುರಿಗೆ ಎಲ್ಲರೂ ಜೀವಂತ ಉಳಿದಿದ್ದರಲ್ಲ, ಅಷ್ಟು ಸಾಕಿತ್ತು.

ಸಂಜೆ ಮನೆಯಲ್ಲಿ ಪಾತ್ರೆ ತೊಳೆಯಲು ಕೂತಾಗ ಹಾಲಿನ ಪಾತ್ರೆಯ ತಳ ಕಪ್ಪಗಾಗಿದ್ದುದು ಕಣ್ಣಿಗೆ ಬಿತ್ತು.

"ರೀ, ಬೆಳಿಗ್ಗೆ ಕಾಫಿ ಸೀದ ವಾಸನೆ ಬರ್ತಿತ್ತಾ?"

"ಬರ್ತಿತ್ತು ಕಣೇ."

"ಮತ್ತೆ ಸುಮ್ನೆ ಕುಡಿದ್ರಲ್ಲ?"

"ನಿನ್ನ ಮೂಗು ಪಾಸು ಮಾಡಿದ್ದಕ್ಕೆ ನಾನೇನು ಹೇಳ್ಲಿ?"

ಗಂಡ ನಗುತ್ತಿದ್ದ. ಅವಳಿಗೆ ಕಣ್ಣು ತುಂಬಿ ಬಂತು.

"ಇನ್ಮೇಲೆ ಹೇಳ್ರಿ," ಅಂದಳು. "ನಾನು ಸಿಡುಕಿದ್ರೂ ಹೇಳ್ರಿ."